ಆರನೇ ಸೆಮಿಸ್ಟರ್ ಜರ್ಮನಿಗೆ ಹೋಗಲಾ, ಬಿಇ ಮುಗಿಸಿ ಎಂಎಸ್‌ಗೇ ಹೋಗಲಾ?

ಜೇವರ್ಗಿ_ಇಸಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಬಿಇ ಇಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್) ಓದುತ್ತಿದ್ದೇನೆ, ಈಗ ನಾಲ್ಕನೇ ಸೆಮಿಸ್ಟರ್. ನಮ್ಮ ಕಾಲೇಜಿಗೂ ಜರ್ಮನಿಯ ಒಂದು ಯೂನಿವರ್ಸಿಟಿಗೂ ಒಪ್ಪಂದ ಇದೆ. ಆರನೇ ಸೆಮಿಸ್ಟರ್‌ಗೆ ಕೆಲವರನ್ನು ಆರಿಸಿ ಕಳಿಸುತ್ತಾರೆ. ಅಲ್ಲಿ ಟ್ಯೂಷನ್ ಫೀಸ್ ಇಲ್ಲ, ಆದರೆ ವಿಮಾನ, ರೂಮು, ಊಟ, ಇನ್ಶೂರೆನ್ಸ್ ಎಲ್ಲಾ ನಮ್ಮದೇ. ನನ್ನ ಲೆಕ್ಕಕ್ಕೆ ಏಳು ಲಕ್ಷದ ಹತ್ತಿರ ಬರುತ್ತದೆ.

ಅಪ್ಪ ತೊಗರಿ ಬೆಳೆಯುತ್ತಾರೆ. ಒಂದು ವರ್ಷ ಕೈಗೆ ಬಂದರೆ ಇನ್ನೊಂದು ವರ್ಷ ನೆಟೆ ರೋಗಕ್ಕೆ ಹೋಗುತ್ತದೆ. "ನೀ ಹೋಗ್ತೀ ಅಂದ್ರ ಹೆಂಗಾದ್ರೂ ಮಾಡ್ತೀನಿ" ಅಂತ ಅಂದಿದ್ದಾರೆ, ಅದಕ್ಕೇ ನನಗೆ ಜಾಸ್ತಿ ಭಯ. ಕಾಕಾ ಮಾತ್ರ ಬೇಡವೇ ಬೇಡ ಅನ್ನುತ್ತಾರೆ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡೋ 371ಜೆ ಇದೆ, ಡಿಗ್ರಿ ಮುಗಿಸಿ ಇಲ್ಲೇ ಸರ್ಕಾರಿ ನೌಕರಿ ನೋಡು ಅಂತಾರೆ.

ನನಗೆ ಎಂಬೆಡೆಡ್ ಸಿಸ್ಟಮ್ಸ್ (ಯಂತ್ರಗಳ ಒಳಗೇ ಇರೋ ಸಣ್ಣ ಕಂಪ್ಯೂಟರ್‌ಗಳ ವಿಷಯ) ಇಷ್ಟ, ಮುಂದೆ ಎಂಎಸ್, ಅಂದರೆ ಮಾಸ್ಟರ್ಸ್, ಮಾಡೋ ಆಸೆಯೂ ಇದೆ. ಹಾಗಾದರೆ ಈಗ ಒಂದು ಸೆಮಿಸ್ಟರ್ ಹೋಗಿ ಬರೋದರಿಂದ ನಿಜಕ್ಕೂ ಉಪಯೋಗ ಇದೆಯಾ, ಅಥವಾ ಆ ದುಡ್ಡನ್ನು ಎಂಎಸ್‌ಗೆ ಉಳಿಸಿಕೊಳ್ಳೋದೇ ಸರಿಯಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಹುಮನಾಬಾದ್_ಅಣ್ಣ

ತಂಗಿ, ನಾನು ಬಿಇ ಓದುವಾಗ ಇದೇ ತರ ಹೋಗಿದ್ದವನು. ದುಡ್ಡಿನ ಮಾತು ಆಮೇಲೆ. ಮೊದಲು ಕ್ರೆಡಿಟ್ ವಿಚಾರ ಕೇಳಿಕೊ. ಅಲ್ಲಿ ಪಾಸಾದ ಸಬ್ಜೆಕ್ಟು ಇಲ್ಲಿ ಯಾವ ಸಬ್ಜೆಕ್ಟಿಗೆ ಸಮ ಅಂತ ಹೋಗೋ ಮುಂಚೆಯೇ ಬರೆದು, ಎರಡೂ ಕಡೆಯವರು ಸಹಿ ಹಾಕಿದ ಕಾಗದ ನಿನ್ನ ಕೈಯಲ್ಲಿ ಇರಬೇಕು. ಅದನ್ನು ಲರ್ನಿಂಗ್ ಅಗ್ರಿಮೆಂಟ್ ಅಂತಾರೆ. ನನಗೆ ನಮ್ಮ ಕಾಲೇಜಿನಲ್ಲಿ "ಹೋಗಿ ಬಾ, ಎಲ್ಲಾ ಆಗುತ್ತೆ" ಅಂತ ಬಾಯಲ್ಲಿ ಹೇಳಿದ್ದರು. ಬಂದ ಮೇಲೆ ಎರಡು ಸಬ್ಜೆಕ್ಟು ಹೊಂದೋದಿಲ್ಲ ಅಂದರು. ಏಳನೇ ಸೆಮಿಸ್ಟರ್ ಜೊತೆಗೆ ಅವನ್ನೂ ಓದಿ ಪರೀಕ್ಷೆ ಬರೆದೆ, ಅದೂ ಪ್ಲೇಸ್‌ಮೆಂಟ್ ನಡೆಯುತ್ತಿದ್ದ ಹೊತ್ತಿನಲ್ಲೇ.

ಲೆಕ್ಕ ಹೀಗಿದೆ. ಯುರೋಪಿನಲ್ಲಿ ಒಂದು ಸೆಮಿಸ್ಟರ್ ಅಂದರೆ 30 ಇಸಿಟಿಎಸ್ (ಅಲ್ಲಿನ ಕ್ರೆಡಿಟ್). ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬಿಇ ಒಟ್ಟು 160 ಕ್ರೆಡಿಟ್, ಅಂದರೆ ಸೆಮಿಸ್ಟರ್‌ಗೆ ಸುಮಾರು 20. ಸಂಖ್ಯೆ ಹೊಂದಿಸೋದು ಕಷ್ಟ ಅಲ್ಲ, ಸಿಲಬಸ್ ಹೊಂದಬೇಕಲ್ಲ, ಅಲ್ಲೇ ಎಲ್ಲಾ ಸಿಕ್ಕಿಬೀಳೋದು. ಇನ್ನೊಂದು ಮಾತು, ಜರ್ಮನಿಯಲ್ಲಿ ಬ್ಯಾಚುಲರ್ ಪಾಠಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ ಇರುತ್ತವೆ, ಇಂಗ್ಲಿಷ್‌ನಲ್ಲಿ ಮಾಸ್ಟರ್ಸ್ ಕೋರ್ಸುಗಳೇ ಜಾಸ್ತಿ. ಹೀಗೆ ಒಪ್ಪಂದದ ಮೇಲೆ ಬರೋ ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಇಂಗ್ಲಿಷ್‌ನಲ್ಲಿ ಯಾವ ಯಾವ ಸಬ್ಜೆಕ್ಟು ಇವೆ ಅಂತ ಪಟ್ಟಿ ತರಿಸಿಕೊಂಡು ನೋಡು. ನಿನ್ನ ಎಂಬೆಡೆಡ್ ಅದರಲ್ಲಿ ಇಲ್ಲ ಅಂದರೆ ಸುಮ್ನೆ ಯಾಕೆ ಹೋಗಬೇಕು?

ತಿಂಗಳುಗಳನ್ನೂ ನೋಡಿಕೊ. ಅಲ್ಲಿ ಸಮ್ಮರ್ ಸೆಮಿಸ್ಟರ್ ಪಾಠ ಸಾಮಾನ್ಯವಾಗಿ ಏಪ್ರಿಲ್‌ನಿಂದ ಜುಲೈವರೆಗೆ, ಪರೀಕ್ಷೆ ಆಮೇಲೆ. ನೀನು ವಾಪಸ್ ಬರೋ ಹೊತ್ತಿಗೆ ಇಲ್ಲಿ ಏಳನೇ ಸೆಮಿಸ್ಟರ್ ಶುರುವಾಗುತ್ತಿರುತ್ತದೆ, ಕಂಪನಿಗಳೂ ಬರೋಕೆ ಶುರು ಮಾಡಿರುತ್ತವೆ.

ಬೀದರ್_ಲೆಕ್ಕದವ

ನಾನು ಬ್ಯಾಂಕಿನಲ್ಲಿ ಎಜುಕೇಷನ್ ಲೋನ್ ನೋಡುತ್ತೇನೆ, ಹಾಗಾಗಿ ದುಡ್ಡಿನ ಬಗ್ಗೆ ಹೇಳುತ್ತೇನೆ. ಜರ್ಮನ್ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕು, ವರ್ಷಕ್ಕಾದರೆ 11,904 ಯೂರೋ. ಇದು ಫೀಸ್ ಅಲ್ಲ. ನಿಮ್ಮದೇ ಹಣ, ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ನಿಮಗೇ ಸಿಗುತ್ತದೆ. ಆದರೆ ಹೋಗೋ ಮುಂಚೆ ಒಟ್ಟಿಗೆ ಕಟ್ಟಬೇಕು, ರೈತರ ಮನೆಗೆ ಕಷ್ಟ ಆಗೋದೇ ಅಲ್ಲಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಹೊಲ ಅಡ ಇಟ್ಟು ಒಂದು ಸೆಮಿಸ್ಟರ್‌ಗೆ ಹೋಗಬೇಡಿ. ಸಹಾಯ ಜಾಸ್ತಿ ಸಿಗೋದು ಮಾಸ್ಟರ್ಸ್‌ಗೆ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ಸ್ಕಾಲರ್‌ಶಿಪ್ ಸಿಕ್ಕರೆ ಫೀಸ್ ಕಟ್ಟೋದಿರಲ್ಲ, ಮೇಲೆ ತಿಂಗಳಿಗೆ 1,400 ಯೂರೋ ಕೊಡುತ್ತಾರೆ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆಯಲ್ಲ, ಪರಿಶಿಷ್ಟ ಜಾತಿಯವರಿಗೆ ಮತ್ತೆ ಇನ್ನು ಕೆಲವು ವರ್ಗಗಳಿಗೆ, ಅದೂ ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ ಮಾತ್ರ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಕಡೆ ಎಂಎಸ್‌ಗೂ ಟ್ಯೂಷನ್ ಫೀಸ್ ಇಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ.

ಈಗಲೇ ಹೋಗಬೇಕು ಅನ್ನೋದಾದರೆ ಕಾಲೇಜಿನಲ್ಲಿ ಒಂದು ಪ್ರಶ್ನೆ ಕೇಳಿ: ಈ ಒಪ್ಪಂದಕ್ಕೆ ಎರಾಸ್ಮಸ್ ಪ್ಲಸ್ (ಯುರೋಪಿಯನ್ ಒಕ್ಕೂಟದ ನೆರವಿನ ಯೋಜನೆ) ಹಣ ಇದೆಯಾ? ಆ ಯೂನಿವರ್ಸಿಟಿ ಬಾಡೆನ್-ವುರ್ಟೆಂಬರ್ಗ್‌ನಲ್ಲಿದ್ದರೆ ಎಕ್ಸ್‌ಚೇಂಜ್‌ಗೆ ಬರೋರಿಗೇ ಆ ರಾಜ್ಯದ ಸ್ಟೈಪೆಂಡ್ ಒಂದು ಇದೆ, ಅದನ್ನೂ ಕೇಳಿ. ಅವರೇ ಹೇಳಲಿ ಅಂತ ಕಾಯಬೇಡಿ. ಮತ್ತೆ, ಎಕ್ಸ್‌ಚೇಂಜ್‌ಗೆ ಕಾಲೇಜೇ ನಿಮ್ಮ ಹೆಸರು ಕಳಿಸಬೇಕು, ನಡುವೆ ಏಜೆಂಟ್ ಬೇಕಾಗಿಲ್ಲ. ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ಯಾದಗಿರಿ_ಅಕ್ಕ

ಮೇಲಿನ ಇಬ್ಬರೂ ಹೇಳಿದ್ದು ಸರಿಯೇ. ಆದರೆ "ಎಂಎಸ್‌ಗೆ ಆಮೇಲೆ ಹೋಗು" ಅನ್ನೋದು ಹುಡುಗರಿಗೆ ಹೇಳೋಷ್ಟು ಸುಲಭವಾಗಿ ಹುಡುಗಿಯರಿಗೆ ಹೇಳೋಕೆ ಆಗಲ್ಲ. ಡಿಗ್ರಿ ಮುಗಿದ ಕೂಡಲೇ ಮನೆಯಲ್ಲಿ ಯಾವ ಮಾತು ಶುರುವಾಗುತ್ತೆ ಅಂತ ನಮಗೆಲ್ಲಾ ಗೊತ್ತು. ನಾನು ಫ್ರಾನ್ಸ್‌ಗೆ ಒಂದು ಸೆಮಿಸ್ಟರ್ ಹೋಗಿದ್ದೆ. ಒಬ್ಬಳೇ ಹೋಗಿ, ರೂಮು ಹಿಡಿದು, ಅಡಿಗೆ ಮಾಡಿಕೊಂಡು, ಪಾಸಾಗಿ ವಾಪಸ್ ಬಂದದ್ದನ್ನು ಅವ್ವ ಅಪ್ಪ ಕಣ್ಣಾರೆ ನೋಡಿದರು. ಎರಡು ವರ್ಷದ ಕೋರ್ಸಿಗೆ ಕಳಿಸು ಅಂತ ಆಮೇಲೆ ಕೇಳಿದಾಗ ಮನೆಯಲ್ಲಿ ಜಗಳವೇ ಆಗಲಿಲ್ಲ. ಆ ಮೊದಲ ಸೆಮಿಸ್ಟರ್ ಇಲ್ಲದಿದ್ದರೆ ನನ್ನನ್ನು ಕಳಿಸುತ್ತಲೇ ಇರಲಿಲ್ಲ, ಇದು ನನಗೆ ಖಾತ್ರಿ.

ಓದಿನ ಲಾಭವೂ ಇದೆ. ಅಲ್ಲಿ ಲ್ಯಾಬ್‌ನಲ್ಲಿ ರೆಕಾರ್ಡ್ ಬರೆಸೋದಿಲ್ಲ, ಸರ್ಕ್ಯೂಟ್ ಬೋರ್ಡ್ ಕೈಗೆ ಕೊಟ್ಟು ನೀವೇ ಮಾಡಿ ತೋರಿಸಿ ಅಂತಾರೆ. ಕೆಲಸ ಚೆನ್ನಾಗಿ ಮಾಡಿದರೆ ಆ ಪ್ರೊಫೆಸರ್ ಮಾಸ್ಟರ್ಸ್‌ಗೆ ರೆಕಮೆಂಡೇಷನ್ ಲೆಟರ್ ಕೊಡುತ್ತಾರೆ. ನನಗೆ ಕೊಟ್ಟರು, ಅಡ್ಮಿಷನ್‌ಗೆ ತುಂಬಾ ನೆರವಾಯಿತು.

ಪಾರ್ಟ್ ಟೈಮ್ ಕೆಲಸ ಮಾಡಿ ಖರ್ಚು ತೂಗಿಸುತ್ತೇನೆ ಅಂತ ಮಾತ್ರ ಅಂದುಕೊಳ್ಳಬೇಡ. ಜರ್ಮನಿಯಲ್ಲಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಕೆಲಸಕ್ಕೆ ಅವಕಾಶ ಇದೆ ನಿಜ, ಆದರೆ ಭಾಷೆ ಬರದೆ ಇಷ್ಟು ಕಡಿಮೆ ತಿಂಗಳಲ್ಲಿ ಕೆಲಸ ಸಿಗೋದು ಕಷ್ಟ. ಊಟದ ಬಗ್ಗೆ ಅವ್ವನಿಗೆ ಚಿಂತೆ ಇರುತ್ತೆ ಅಲ್ವಾ, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಆರಾಮಾಗಿ ಒಯ್ಯಬಹುದು. ತುಪ್ಪ, ಪೇಡೆ ಕಟ್ಟಿಸಿಕೊಳ್ಳಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರೋದನ್ನು ಯುರೋಪಿಯನ್ ಒಕ್ಕೂಟ ಬಿಡೋದಿಲ್ಲ.

ಜೇವರ್ಗಿ_ಇಸಿ

ಅಣ್ಣ, ಅಕ್ಕ, ಸರ್, ತುಂಬಾ ಥ್ಯಾಂಕ್ಸ್. ಅಕ್ಕ ಹೇಳಿದ ಮಾತು ಅವ್ವನಿಗೆ ಓದಿ ಹೇಳಿದೆ. ಸ್ಟೈಪೆಂಡ್ ಸಿಕ್ಕರೆ ಹೋಗುತ್ತೇನೆ, ಸಿಗದಿದ್ದರೆ ಅಪ್ಪನ ಕೈಯಿಂದ ಸಾಲ ಮಾಡಿಸಿ ಹೋಗೋದಿಲ್ಲ, ಇಷ್ಟು ಗಟ್ಟಿ ಮಾಡಿಕೊಂಡಿದ್ದೇನೆ. ಈಗ ಹೋದರೂ, ಎಂಎಸ್‌ಗೆ ಹೋದರೂ ಪಾಸ್‌ಪೋರ್ಟ್ ಬೇಕೇ ಬೇಕು, ಹಾಗಾಗಿ 1,500 ರೂಪಾಯಿ ಕಟ್ಟಿ ಈ ವಾರವೇ ಅರ್ಜಿ ಹಾಕುತ್ತೇನೆ. ಸೋಮವಾರ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಹೋಗಿ ಇಂಗ್ಲಿಷ್ ಸಬ್ಜೆಕ್ಟಿನ ಪಟ್ಟಿ ಕೇಳುತ್ತೇನೆ. ಅಣ್ಣ, ಲರ್ನಿಂಗ್ ಅಗ್ರಿಮೆಂಟ್‌ಗೆ ಅವರ ಸಹಿ ಸಾಕಾ?

ಹುಮನಾಬಾದ್_ಅಣ್ಣ

ಸಾಲದು. ಪ್ರಿನ್ಸಿಪಾಲರ ಸಹಿ ಬೇಕು, ಪರೀಕ್ಷಾ ವಿಭಾಗದ ಒಪ್ಪಿಗೆಯೂ ಬರವಣಿಗೆಯಲ್ಲಿ ಬೇಕು. ಕೊನೆಗೆ ಮಾರ್ಕ್ಸ್ ಕಾರ್ಡಿನಲ್ಲಿ ಸೇರಿಸೋರು ಅವರೇ. ಆಗಲೇ ಹೋಗಿ ಬಂದ ಸೀನಿಯರ್ ನಿಮ್ಮ ಕಾಲೇಜಿನಲ್ಲಿ ಇದ್ದರೆ ಅವರ ಮಾರ್ಕ್ಸ್ ಕಾರ್ಡ್ ತೋರಿಸೋಕೆ ಹೇಳು, ಆರನೇ ಸೆಮಿಸ್ಟರ್ ಹೇಗೆ ಬಂದಿದೆ ನೋಡು. ಸೋಮವಾರಕ್ಕಿಂತ ಮುಂಚೆಯೇ ಅದನ್ನು ನೋಡಿಕೊಂಡು ಹೋಗು.