2001ರ ಹೋಂಡಾ ಸಿಟಿ ವಿಟೆಕ್: ಸವೆದ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿಸುವುದೋ, ಗುಜರಿಯದನ್ನು ತಂದು ಕೂರಿಸುವುದೋ?

ಹಾಸನದ ವಿಟೆಕ್:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2001ರ ಹೋಂಡಾ ಸಿಟಿ 1.5 ವಿಟೆಕ್ ಇದೆ. 106 ಅಶ್ವಶಕ್ತಿಯ ಎಂಜಿನ್ ಇಂದಿಗೂ ಕೆಂಪು ಗೆರೆಯವರೆಗೆ ಹಿಂಜರಿಯದೆ ಏರುತ್ತದೆ, ಹೊಗೆಯಿಲ್ಲ, ಎಣ್ಣೆ ಕುಡಿಯುವುದಿಲ್ಲ. ಆದರೆ ಗೇರ್‌ಬಾಕ್ಸ್ ಸೋತಿದೆ. ಮೊದಲನೆಯದರಿಂದ ಎರಡನೆಯದಕ್ಕೆ ಹಾಕುವಾಗ ಕರಕರ ಎನ್ನುತ್ತದೆ, ಬೆಳಗಿನ ಚಳಿಯಲ್ಲಿ ಇದು ಇನ್ನೂ ಹೆಚ್ಚು. ಶಿರಾಡಿ ಘಾಟಿ ಇಳಿಯುವಾಗ ಮೂರನೇ ಗೇರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೆ ಬರುತ್ತಿದ್ದರೆ ಲಿವರ್ ತಾನಾಗಿಯೇ ನ್ಯೂಟ್ರಲ್ಲಿಗೆ ಜಾರುತ್ತದೆ. ಇದು ನನಗೆ ನಿಜಕ್ಕೂ ಭಯ ಹುಟ್ಟಿಸಿದೆ. ನಿಂತಲ್ಲೇ ನ್ಯೂಟ್ರಲ್ಲಿನಲ್ಲಿ ಕ್ಲಚ್ ಬಿಟ್ಟರೆ ಒಳಗಿನಿಂದ ಬೀಸುವ ಕಲ್ಲಿನಂಥ ಸದ್ದು ಕೇಳುತ್ತದೆ, ಕ್ಲಚ್ ಒತ್ತಿದರೆ ನಿಲ್ಲುತ್ತದೆ.

ಸ್ಥಳೀಯ ಗ್ಯಾರೇಜಿನಲ್ಲಿ ಸದ್ದು ಕಡಿಮೆಯಾಗಲೆಂದು 90 ನಂಬರಿನ ಗೇರ್ ಆಯಿಲ್ ತುಂಬಿದರು. ಸದ್ದು ಸ್ವಲ್ಪ ತಗ್ಗಿತಾದರೂ ಎರಡನೇ ಗೇರ್ ಮೊದಲಿಗಿಂತ ಬಿಗಿಯಾಯಿತು. ಇನ್ನೊಬ್ಬರು ಬೆಂಗಳೂರಿನ ಶಿವಾಜಿನಗರದಿಂದ ಹಳೆಯ ಗೇರ್‌ಬಾಕ್ಸ್ ತಂದು ಕೂರಿಸುವುದೇ ಅಗ್ಗ ಎನ್ನುತ್ತಾರೆ. ಈ ಕಾರನ್ನು ಮಾರುವ ಯೋಚನೆ ನನಗಿಲ್ಲ. ಯಾವ ದಾರಿ ಹಿಡಿಯಲಿ?

ಗೇರ್‌ಗೆಳೆಯ:

ನಮಸ್ಕಾರ ಸರ್. ನೀವು ಲಕ್ಷಣಗಳನ್ನು ಬಿಡಿಸಿ ಬರೆದಿರುವುದರಿಂದ ಅರ್ಧ ಕೆಲಸ ಆಗಿದೆ. ಆದರೂ ಬಿಚ್ಚುವ ಮೊದಲು ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ.

ಮೊದಲನೆಯದು ಕ್ಲಚ್. ಎಂಜಿನ್ ಐಡಲ್‌ನಲ್ಲಿರುವಾಗ ಕ್ಲಚ್ ಪೂರ್ತಿ ಒತ್ತಿ, ಕೆಲವು ಸೆಕೆಂಡು ಕಾದು, ರಿವರ್ಸ್ ಹಾಕಿ. ಆಗಲೂ ಹಲ್ಲು ಕಚ್ಚುವ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಅಂಥ ಕ್ಲಚ್ಚನ್ನು ಇಟ್ಟುಕೊಂಡು ಹೊಸ ಸಿಂಕ್ರೊ ರಿಂಗ್ (ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಬಳೆ) ಹಾಕಿಸಿದರೂ ಅದು ಬೇಗ ಸವೆಯುತ್ತದೆ. ಎರಡನೆಯದು ಎಂಜಿನ್ ಮೌಂಟಿಂಗ್ ಮತ್ತು ಗೇರ್ ಲಿವರಿನ ಬುಷ್‌ಗಳು. ಮೌಂಟಿಂಗಿನ ರಬ್ಬರ್ ಹರಿದಿದ್ದರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ವಾಲಿ ಲಿವರನ್ನು ಎಳೆಯುತ್ತವೆ. ಮೂರನೇ ಗೇರ್ ಜಾರುವುದಕ್ಕೆ ಅದೂ ಒಂದು ಕಾರಣ ಆಗಬಹುದು.

ಸದ್ದಿನ ವಿಷಯದಲ್ಲಿ ನನಗೆ ಅನುಮಾನ ಕಡಿಮೆ. ಕ್ಲಚ್ ಒತ್ತಿದಾಗ ಬರುವ ಸದ್ದಾದರೆ ರಿಲೀಸ್ ಬೇರಿಂಗಿನದು. ಕ್ಲಚ್ ಬಿಟ್ಟಾಗ ಬಂದು ಒತ್ತಿದಾಗ ನಿಲ್ಲುವುದಾದರೆ ಮೇನ್‌ಶಾಫ್ಟಿನ (ಕ್ಲಚ್ ಮೂಲಕ ಎಂಜಿನ್ನಿನ ಶಕ್ತಿ ಪಡೆಯುವ ಇನ್‌ಪುಟ್ ಶಾಫ್ಟಿನ) ಬೇರಿಂಗಿನದು. ನ್ಯೂಟ್ರಲ್ಲಿನಲ್ಲಿ ಕಾರು ನಿಂತಿರುವಾಗ ಈ ಗೇರ್‌ಬಾಕ್ಸಿನಲ್ಲಿ ಮೇನ್‌ಶಾಫ್ಟ್ ಮಾತ್ರ ಎಂಜಿನ್ನಿನೊಂದಿಗೆ ತಿರುಗುತ್ತಿರುತ್ತದೆ, ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಕೌಂಟರ್‌ಶಾಫ್ಟ್ ನಿಂತಿರುತ್ತದೆ. ಹೋಂಡಾದ ಈ ಕಾಲದ ಗೇರ್‌ಬಾಕ್ಸ್‌ಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಮೇನ್‌ಶಾಫ್ಟಿನ ಕ್ಲಚ್ ಕಡೆಯ ಬೇರಿಂಗ್, ಅಂದರೆ ಇನ್‌ಪುಟ್ ಬೇರಿಂಗೇ.

90 ನಂಬರಿನ ಎಣ್ಣೆಯನ್ನು ದಯವಿಟ್ಟು ಇಂದೇ ಹರಿಸಿ. ಸಿಂಕ್ರೊ ರಿಂಗ್ ತನ್ನ ಕೋನಿನ (ಗೇರಿನ ಶಂಕುವಿನಾಕಾರದ ಮೈಯ) ಮೇಲಿನ ಎಣ್ಣೆಯ ಪದರವನ್ನು ಒರೆಸಿ ಹಾಕಿ, ಘರ್ಷಣೆಯಿಂದಲೇ ಗೇರಿನ ವೇಗವನ್ನು ಹೊಂದಿಸಬೇಕು. ದಪ್ಪ ಎಣ್ಣೆಯಲ್ಲಿ ಆ ಪದರ ಬೇಗ ಹರಿಯುವುದಿಲ್ಲ, ಚಳಿಯಲ್ಲಂತೂ ಇನ್ನೂ ನಿಧಾನ. ಹೋಂಡಾ ಈ ಗೇರ್ ಪೆಟ್ಟಿಗೆಗಳಿಗೆ ಹೇಳುವುದು ತನ್ನದೇ ಎಂಟಿಎಫ್ (ಮ್ಯಾನುಯಲ್ ಗೇರ್‌ಬಾಕ್ಸಿನ) ಎಣ್ಣೆ. ಅದು ಸಿಗದಿದ್ದಾಗ ತಾತ್ಕಾಲಿಕವಾಗಿ 10ಡಬ್ಲ್ಯು-30 ಎಂಜಿನ್ ಆಯಿಲ್ ಹಾಕಬಹುದೆಂದು ಅದರ ಕೈಪಿಡಿಗಳಲ್ಲೇ ಇದೆ. ಹರಿಸುವಾಗ ಡ್ರೈನ್ ಬೋಲ್ಟಿನ ಅಯಸ್ಕಾಂತವನ್ನು ನೋಡಿ. ಬೂದು ಬಣ್ಣದ ನುಣ್ಣನೆಯ ಪುಡಿ ಸಹಜ. ಚೂರುಗಳು ಅಂಟಿಕೊಂಡಿದ್ದರೆ ಬಿಚ್ಚುವವರೆಗೆ ಕಾರನ್ನು ಓಡಿಸಬೇಡಿ.

ಮಂಡ್ಯದ ಮೆಕ್ಯಾನಿಕ್:

ಮೇಲಿನವರು ಹೇಳಿದ್ದೆಲ್ಲ ಸರಿ. ಬಿಚ್ಚಿದ ಮೇಲಿನ ಕೆಲಸದ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಈ ಪೆಟ್ಟಿಗೆಗಳು ಹಾಳಾಗುವುದು ಹೆಚ್ಚಾಗಿ ಬಿಚ್ಚುವ ಕೈಗಳಿಂದ.

ಕೇಸಿನ ಬೋಲ್ಟುಗಳನ್ನೆಲ್ಲ ತೆಗೆದರೂ ಎರಡು ಭಾಗಗಳು ಬೇರೆಯಾಗುವುದಿಲ್ಲ. ಬದಿಯಲ್ಲಿರುವ ದೊಡ್ಡ ಸೀಲಿಂಗ್ ಬೋಲ್ಟನ್ನು ಬಿಚ್ಚಿ, ಆ ಕಿಂಡಿಯ ಮೂಲಕ ಕೌಂಟರ್‌ಶಾಫ್ಟ್ ಬೇರಿಂಗನ್ನು ಹಿಡಿದಿರುವ ಸ್ನ್ಯಾಪ್ ರಿಂಗನ್ನು ಅಗಲಿಸಿ ಹಿಡಿದಾಗ ಮಾತ್ರ ಕೇಸು ಮೇಲೇಳುತ್ತದೆ. ಇದು ತಿಳಿಯದವರು ಸ್ಕ್ರೂ ಡ್ರೈವರ್ ತೂರಿಸಿ ಮೀಟಿ, ಅಲ್ಯೂಮಿನಿಯಂ ಅಂಚನ್ನು ಕೆಡಿಸುತ್ತಾರೆ. ಆಮೇಲೆ ಎಷ್ಟು ಗ್ಯಾಸ್ಕೆಟ್ ಅಂಟು ಬಳಿದರೂ ಎಣ್ಣೆ ಸೋರುತ್ತದೆ. ನಿಮ್ಮ ಮೆಕ್ಯಾನಿಕ್ಕಿಗೆ ಈ ಸ್ನ್ಯಾಪ್ ರಿಂಗ್ ಗೊತ್ತೇ ಎಂದು ಮೊದಲೇ ಕೇಳಿ. ಅವರ ಉತ್ತರದಿಂದಲೇ ಕೆಲಸ ಕೊಡಬೇಕೋ ಬೇಡವೋ ಎಂದು ನಿರ್ಧರಿಸಬಹುದು.

ಎರಡನೇ ಗೇರಿನ ಸಿಂಕ್ರೊ ಕೌಂಟರ್‌ಶಾಫ್ಟಿನ ಮೇಲಿದೆ, ಮೂರನೆಯದರದ್ದು ಮೇನ್‌ಶಾಫ್ಟಿನ ಮೇಲಿದೆ. ಹಾಗಾಗಿ ನಿಮ್ಮ ಕಾರಿನಲ್ಲಿ ಎರಡೂ ಶಾಫ್ಟುಗಳನ್ನು ಬಿಚ್ಚಲೇಬೇಕು. ಮೇನ್‌ಶಾಫ್ಟಿನ ಬೇರಿಂಗ್ ಸಡಿಲವಾಗಿ ಶಾಫ್ಟ್ ಅಲುಗಾಡುವುದೂ, ಅದೇ ಶಾಫ್ಟಿನ ಮೂರನೇ ಗೇರ್ ಜಾರುವುದೂ ಒಂದಕ್ಕೊಂದು ಸಂಬಂಧಿಸಿದ್ದು ಎಂದೇ ನನ್ನ ಊಹೆ. ಆದರೂ ಬೇರಿಂಗನ್ನಷ್ಟೇ ಬದಲಿಸಿ ಮುಚ್ಚಬೇಡಿ.

ರಿಂಗನ್ನು ಗೇರಿನ ಕೋನಿನ ಮೇಲೆ ಸಮನಾಗಿ ಒತ್ತಿ ಹಿಡಿದು, ನಡುವಿನ ಸಂದನ್ನು ಫೀಲರ್ ಗೇಜಿನಿಂದ ಸುತ್ತಲೂ ಅಳೆಯಬೇಕು. ಡಿ ಸರಣಿಯ ಎಂಜಿನ್‌ಗಳೊಂದಿಗೆ ಬಂದ ಗೇರ್‌ಬಾಕ್ಸ್‌ಗಳಲ್ಲಿ ಹೊಸತಾಗಿದ್ದಾಗ ಇದು 0.85ರಿಂದ 1.10 ಮಿಲಿಮೀಟರ್ ಇರುತ್ತದೆ, 0.40ಕ್ಕೆ ಇಳಿದರೆ ರಿಂಗಿನ ಆಯುಸ್ಸು ಮುಗಿದಂತೆ. ಎರಡು ಕೋನಿನ ಸಿಂಕ್ರೊ ಇದ್ದರೆ ಅಳತೆ ಬೇರೆ, ಅದನ್ನು ನಿಮ್ಮ ಮಾದರಿಯ ಕೈಪಿಡಿಯಲ್ಲೇ ನೋಡಬೇಕು. ಸ್ಲೀವು ಎಂದರೆ ಜಾರಿ ಬಂದು ಗೇರನ್ನು ಕಚ್ಚುವ ಬಳೆ, ಅದನ್ನು ಜಾರಿಸುವ ಕವಲೇ ಫೋರ್ಕ್. ಫೋರ್ಕ್ ಮತ್ತು ಸ್ಲೀವಿನ ನಡುವಿನ ಸಂದು 1.0 ಮಿಲಿಮೀಟರಿನ ಮಿತಿ ದಾಟಬಾರದು.

ಅಳತೆಗಿಂತಲೂ ಮುಖ್ಯವಾದದ್ದು ಹಲ್ಲುಗಳ ತುದಿ. ಗೇರಿನ ಪಕ್ಕದ ಚಿಕ್ಕ ಹಲ್ಲುಗಳು ಚೂಪಾಗಿರಬೇಕು, ಸ್ಲೀವಿನ ಒಳಹಲ್ಲುಗಳು ಹಿಂದಕ್ಕೆ ತುಸು ಕಿರಿದಾಗುತ್ತ ಹೋಗಿರಬೇಕು. ಭಾರ ಬಿದ್ದಾಗ ಈ ಓರೆಯೇ ಸ್ಲೀವನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಅದು ಸವೆದು ದುಂಡಗಾದ ಮೇಲೆ ಅದೇ ಭಾರ ಸ್ಲೀವನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನ್ನಿನ ಹಿಡಿತದಲ್ಲಿ ಇಳಿಯುವಾಗ ಹಲ್ಲಿನ ಇನ್ನೊಂದು ಮಗ್ಗುಲು ಭಾರ ಹೊರುವುದರಿಂದ ನಿಮಗೆ ತೊಂದರೆ ಇಳಿಜಾರಿನಲ್ಲೇ ಕಾಣುತ್ತಿದೆ. ಸವೆದ ಸ್ಲೀವಿನೊಂದಿಗೆ ಹೊಸ ರಿಂಗ್ ಮಾತ್ರ ಹಾಕಿದರೆ ಕೆಲವು ತಿಂಗಳು ಸುಖ ಕಂಡು, ಮತ್ತೆ ಪೆಟ್ಟಿಗೆ ಇಳಿಸಬೇಕಾಗುತ್ತದೆ. ಇನ್ನೊಂದು ಮಾತು: ಒಂದು-ಎರಡರ ಸ್ಲೀವಿನ ಹೊರಮೈಯಲ್ಲೇ ರಿವರ್ಸಿನ ಹಲ್ಲುಗಳಿವೆ, ಅವನ್ನೂ ನೋಡಿ.

ಬಸವನಗುಡಿ ಓದುಗ:

ಶಿವಾಜಿನಗರದ ದಾರಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಆದರೆ ಅಲ್ಲಿ ಸಿಗುವ ಪೆಟ್ಟಿಗೆಯೂ ನಿಮ್ಮದರಷ್ಟೇ ವಯಸ್ಸಿನದು ಎಂಬುದನ್ನು ಮರೆಯಬೇಡಿ. ಅದನ್ನು ಹಾಗೆಯೇ ಕೂರಿಸುವ ಬದಲು ಬಿಡಿಭಾಗಗಳ ಮೂಲವಾಗಿ ಕೊಳ್ಳುವುದು ಜಾಣತನ. ಒಳ್ಳೆಯ ಮೂರನೇ ಗೇರು, ಹಬ್ಬು (ಸ್ಲೀವು ಜಾರುವ ನಡುಭಾಗ), ಸ್ಲೀವು ಅದರೊಳಗೆ ಸಿಗಬಹುದು. ಹಬ್ಬು ಮತ್ತು ಸ್ಲೀವನ್ನು ಜೋಡಿಯಾಗಿಯೇ ಬಳಸಿ. ಬೇರಿಂಗ್ ಮತ್ತು ಸೀಲುಗಳನ್ನು ಮಾತ್ರ ಎಂದಿಗೂ ಹಳೆಯದು ಹಾಕಬೇಡಿ. ಬೇರಿಂಗಿನ ಮೇಲೆ ಕೊರೆದಿರುವ ಸಂಖ್ಯೆಯನ್ನು ಬರೆದುಕೊಂಡು ಜೆ.ಸಿ. ರಸ್ತೆಯಲ್ಲಿ ಕೇಳಿ.

1.3 ಲೀಟರ್ ಎಂಜಿನ್ನಿನ ಸಿಟಿಯ ಪೆಟ್ಟಿಗೆಯನ್ನು ವಿಟೆಕ್‌ನದೆಂದು ಮಾರುವವರಿದ್ದಾರೆ. ಹೊರಗಿನಿಂದ ಒಂದೇ ರೀತಿ ಕಂಡರೂ ಒಳಗಿನ ಅನುಪಾತ ಬೇರೆಯಾಗಿದ್ದರೆ ಈ ಎಂಜಿನ್ನಿನ ಸೊಗಸೇ ಹೋಗುತ್ತದೆ. ಪರೀಕ್ಷೆ ಸುಲಭ: ನಾಲ್ಕನೇ ಗೇರಿನಲ್ಲಿಟ್ಟು, ಡಿಫರೆನ್ಷಿಯಲ್ಲಿನ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಭಾಗದ) ಒಂದು ಕಡೆಯನ್ನು ಅಲುಗದಂತೆ ಹಿಡಿದು, ಇನ್ನೊಂದು ಕಡೆ ಎರಡು ಸುತ್ತು ಪೂರೈಸುವವರೆಗೆ ಇನ್‌ಪುಟ್ ಶಾಫ್ಟ್ ಎಷ್ಟು ಸುತ್ತು ತಿರುಗಿತೆಂದು ಎಣಿಸಿ. ಒಂದು ಕಡೆ ನಿಂತಾಗ ಇನ್ನೊಂದು ಇಮ್ಮಡಿ ತಿರುಗುವುದರಿಂದ ಎರಡು ಸುತ್ತು ಎಣಿಸಬೇಕು. ನಿಮ್ಮ ಪೆಟ್ಟಿಗೆಯಲ್ಲೂ ಅಷ್ಟೇ ಬಂದರೆ ನಿಶ್ಚಿಂತೆಯಿಂದ ಕೊಳ್ಳಿ.

ಹಾಸನದ ವಿಟೆಕ್:

ಎಲ್ಲರಿಗೂ ಧನ್ಯವಾದಗಳು. ಎಣ್ಣೆ ಹರಿಸಿ ನೋಡಿದೆ, ಅಯಸ್ಕಾಂತದ ಮೇಲೆ ಪುಡಿಯ ಜೊತೆಗೆ ಸಣ್ಣ ಸಣ್ಣ ಚೂರುಗಳೂ ಇವೆ. ರಿವರ್ಸಿನ ಪರೀಕ್ಷೆಯಲ್ಲಿ ಸದ್ದಿಲ್ಲ, ಮೌಂಟಿಂಗ್‌ಗಳೂ ಗಟ್ಟಿಯಾಗಿವೆ. ಹಾಗಾಗಿ ಕಾರನ್ನು ನಿಲ್ಲಿಸಿ ಪೆಟ್ಟಿಗೆ ಇಳಿಸಲು ತೀರ್ಮಾನಿಸಿದ್ದೇನೆ. ಮತ್ತೆ ಜೋಡಿಸುವಾಗ ವಿಶೇಷವಾಗಿ ಎಲ್ಲಿ ಎಚ್ಚರ ಬೇಕು?

ಮಂಡ್ಯದ ಮೆಕ್ಯಾನಿಕ್:

ಒಳ್ಳೆಯ ನಿರ್ಧಾರ ಸರ್. ಇನ್‌ಪುಟ್ ಬೇರಿಂಗನ್ನು ಒಳಗಿನಿಂದ ಹಿಡಿದೆಳೆಯುವ ಪುಲ್ಲರಿನಿಂದಲೇ ತೆಗೆಯಬೇಕು, ಉಳಿಯಿಂದ ಹೊಡೆಯಬಾರದು. ಹೊಸ ಬೇರಿಂಗ್ ಹಾಕಿದ ಮೇಲೆ ಮೇನ್‌ಶಾಫ್ಟ್ ತನ್ನ ಉದ್ದದ ದಿಕ್ಕಿನಲ್ಲಿ ಎಷ್ಟು ಅಲುಗುತ್ತದೆ ಎಂದು ಅಳೆದು, ಅದು 0.11ರಿಂದ 0.18 ಮಿಲಿಮೀಟರಿನೊಳಗೆ ಬರುವಂತೆ ತಕ್ಕ ದಪ್ಪದ ಶಿಮ್ (ಸಂದು ತುಂಬುವ ತೆಳು ಬಿಲ್ಲೆ) ಆರಿಸಬೇಕು. ಹೆಚ್ಚಿನ ಗ್ಯಾರೇಜುಗಳಲ್ಲಿ ಹಳೆಯ ಶಿಮ್ಮನ್ನೇ ಹಾಕಿ ಮುಚ್ಚುತ್ತಾರೆ. ಸದ್ದು ಮರಳಿ ಬರುವುದಕ್ಕೂ ಗೇರ್ ಜಾರುವುದಕ್ಕೂ ಇದೊಂದೇ ಸಾಕು, ಆದ್ದರಿಂದ ಡಯಲ್ ಗೇಜ್ ಇಟ್ಟು ಅಳೆಯುವುದನ್ನು ಹತ್ತಿರ ನಿಂತು ನೋಡಿ.

ಹೊಸ ರಿಂಗುಗಳನ್ನು ಜೋಡಿಸುವ ಮೊದಲು ಎಂಟಿಎಫ್ ಎಣ್ಣೆಯಲ್ಲಿ ನೆನೆಸಿಡಿ. ಫೋರ್ಕುಗಳನ್ನು ತಡೆದು ಹಿಡಿಯುವ ಚಿಕ್ಕ ಗುಂಡುಗಳು ಮತ್ತು ಸ್ಪ್ರಿಂಗುಗಳು ಬಿಚ್ಚುವಾಗ ಉರುಳಿ ಹೋಗುತ್ತವೆ, ಎಣಿಸಿ ಬಟ್ಟಲಿನಲ್ಲಿಡಿ. ಸ್ಪ್ರಿಂಗ್ ಸೋತಿದ್ದರೆ ಹೊಸದನ್ನೇ ಹಾಕಿ. ಹೇಗಿದ್ದರೂ ಪೆಟ್ಟಿಗೆ ಕೆಳಗಿಳಿದಿರುವುದರಿಂದ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಡ್ರೈವ್‌ಶಾಫ್ಟ್ ಸೀಲುಗಳು ಮತ್ತು ಎಂಜಿನ್ನಿನ ಹಿಂದಿನ ಸೀಲನ್ನು ಈಗಲೇ ನೋಡಿಬಿಡಿ. ಜೋಡಿಸಿದ ಮೇಲೆ ಕಾರಿಗೆ ಏರಿಸುವ ಮುನ್ನ, ಪೆಟ್ಟಿಗೆಯನ್ನು ನೆಲದಲ್ಲೇ ಇಟ್ಟು ಐದೂ ಗೇರುಗಳನ್ನು ಮತ್ತು ರಿವರ್ಸನ್ನು ಹಾಕಿ, ಇನ್‌ಪುಟ್ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ. ಎಲ್ಲಾದರೂ ಬಿಗಿ ಕಂಡರೆ ಅಲ್ಲಿಯೇ ಮತ್ತೆ ಬಿಚ್ಚುವುದು ಸುಲಭ.