ದೇವದೂತರ ಒಂಬತ್ತು ಶ್ರೇಣಿಗಳಿಗೆ ಬೈಬಲಿನಲ್ಲಿ ಆಧಾರವಿದೆಯೇ?

ಪ್ರಶ್ನೆ:
ದೇವದೂತರಲ್ಲಿ ಒಂಬತ್ತು ಶ್ರೇಣಿಗಳಿವೆ, ಸೆರಾಫಿಯರು ಎಲ್ಲರಿಗಿಂತ ಮೇಲಿನವರು ಎಂಬ ಪಟ್ಟಿಯನ್ನು ಹಲವೆಡೆ ನೋಡಿದ್ದೇನೆ. ಬೈಬಲಿನಲ್ಲಿ ಹುಡುಕಿದರೆ ಅಂಥ ಪಟ್ಟಿ ಎಲ್ಲಿಯೂ ಸಿಗಲಿಲ್ಲ. ಕೆರೂಬಿಯರ ಕೆಲಸವೂ ಸೆರಾಫಿಯರ ಕೆಲಸವೂ ಬೇರೆ ಬೇರೆಯೇ? ಮೀಕಾಯೇಲ, ಗಬ್ರಿಯೇಲರು ಯಾವ ಶ್ರೇಣಿಗೆ ಸೇರುತ್ತಾರೆ? ಬಲ್ಲವರು ವಚನಗಳ ಸಮೇತ ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಬೈಬಲಿನಲ್ಲಿ ಅಂಥ ಪಟ್ಟಿ ಇಲ್ಲ. ಕೊಲೊಸ್ಸೆ 1:16ರಲ್ಲಿ ಸಿಂಹಾಸನಗಳು, ಪ್ರಭುತ್ವಗಳು, ದೊರೆತನಗಳು, ಅಧಿಕಾರಗಳು ಎಂಬ ಹೆಸರುಗಳು ಬರುತ್ತವೆ. ಆದರೆ ಎಲ್ಲವೂ ಕ್ರಿಸ್ತನ ಮೂಲಕವೇ ಸೃಷ್ಟಿಯಾದವು ಎಂದು ಹೇಳುವುದಷ್ಟೇ ಪೌಲನ ಉದ್ದೇಶ, ಅವುಗಳಲ್ಲಿ ಯಾವುದು ಮೇಲು ಯಾವುದು ಕೀಳು ಎಂಬ ವಿಚಾರಕ್ಕೆ ಆ ಪತ್ರಿಕೆ ಬರೆದ ಅವನು ಹೋಗುವುದೇ ಇಲ್ಲ. ಇಂಥ ಚದುರಿದ ಹೆಸರುಗಳನ್ನು ಕೂಡಿಸಿ ಮೂರು ಮೂರರ ಮೂರು ಗುಂಪುಗಳಾಗಿ ಜೋಡಿಸಿದವನು, ಸುಮಾರು 500ನೇ ಇಸವಿಯ ವೇಳೆಗೆ ದಿಯೊನಿಸಿಯಸ್ ಎಂಬ ಹೆಸರಿನಲ್ಲಿ ಬರೆದ ಅಜ್ಞಾತ ಲೇಖಕ. ಮುಂದೆ 13ನೇ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸನೂ ಅದನ್ನು ಒಪ್ಪಿಕೊಂಡದ್ದರಿಂದ ಪಾಶ್ಚಾತ್ಯ ಕ್ರೈಸ್ತ ಸಭೆಯಲ್ಲಿ ಅದು ಗಟ್ಟಿಯಾಗಿ ನೆಲೆಯೂರಿತು.

ಉತ್ತರ 2:
ಶ್ರೇಣಿಯ ಮಾತನ್ನು ಬದಿಗಿಟ್ಟು ಕೆಲಸವನ್ನು ನೋಡುವುದೇ ಒಳ್ಳೆಯದು. ಕೆರೂಬಿಯರು ಕಾವಲಿನವರು. ಆದಾಮನನ್ನು ಏದೆನ್ ತೋಟದಿಂದ ಹೊರಡಿಸಿದ ಮೇಲೆ ಜೀವವೃಕ್ಷದ ದಾರಿಯನ್ನು ಕಾಯುವವರು ಅವರೇ (ಆದಿಕಾಂಡ 3:24). ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮೇಲಿನ ಮುಚ್ಚಳದ, ಅಂದರೆ ಕೃಪಾಸನದ, ಎರಡು ಕೊನೆಗಳಲ್ಲಿ ಎದುರುಬದುರಾಗಿ ರೆಕ್ಕೆ ಚಾಚಿ ನಿಂತ ಬಂಗಾರದ ಆಕೃತಿಗಳೂ ಅವರವೇ (ವಿಮೋಚನಕಾಂಡ 25). ಚಿತ್ರಗಳಲ್ಲಿ ಕಾಣುವ ಗುಂಡುಮುಖದ ಮಕ್ಕಳಿಗೂ ಇವರಿಗೂ ಏನೇನೂ ಹೋಲಿಕೆಯಿಲ್ಲ: ಪ್ರವಾದಿ ಯೆಹೆಜ್ಕೇಲನು ದರ್ಶನದಲ್ಲಿ ಕಂಡ ಜೀವಿಗಳಿಗೆ ಮನುಷ್ಯ, ಸಿಂಹ, ಎತ್ತು, ಹದ್ದು ಎಂಬ ನಾಲ್ಕು ಮುಖಗಳಿದ್ದವು, ಅವು ಕೆರೂಬಿಗಳೇ ಎಂದು ಹತ್ತನೆಯ ಅಧ್ಯಾಯದಲ್ಲಿ ಅವನೇ ಗುರುತಿಸುತ್ತಾನೆ.

ಸೆರಾಫಿಯರು ಆ ಹೆಸರಿನಿಂದ ಕಾಣಿಸುವುದು ಯೆಶಾಯ 6ರಲ್ಲಿ ಮಾತ್ರ. ಆರು ರೆಕ್ಕೆಗಳಲ್ಲಿ ಎರಡರಿಂದ ಮುಖವನ್ನೂ ಎರಡರಿಂದ ಕಾಲುಗಳನ್ನೂ ಮುಚ್ಚಿಕೊಂಡು, ಉಳಿದೆರಡರಿಂದ ಹಾರುತ್ತಾ, ದೇವರನ್ನು ಪರಿಶುದ್ಧನೆಂದು ಮೂರು ಸಲ ಕೂಗುತ್ತಾರೆ. ಆದರೆ ಸ್ತುತಿಯಷ್ಟೇ ಅವರ ಕೆಲಸವಲ್ಲ. ಅವರಲ್ಲೊಬ್ಬನು ಯಜ್ಞವೇದಿಯಿಂದ ಕೆಂಡವನ್ನು ಇಕ್ಕುಳದಲ್ಲಿ ತೆಗೆದು ತಂದು ಪ್ರವಾದಿ ಯೆಶಾಯನ ತುಟಿಗೆ ಮುಟ್ಟಿಸಿ, ಅವನ ಪಾಪ ನೀಗಿತೆಂದು ಹೇಳುತ್ತಾನೆ. ಅವರನ್ನು ಕೇವಲ ಗಾಯಕವೃಂದವೆಂದು ವರ್ಣಿಸುವವರು ಈ ವಚನವನ್ನು ಏಕೆ ಬಿಡುತ್ತಾರೋ ನನಗೆ ಅರ್ಥವಾಗುವುದಿಲ್ಲ.

ಉತ್ತರ 3:
ಮೀಕಾಯೇಲನನ್ನು ಪ್ರಧಾನ ದೂತನೆಂದು ಯೂದನ ಪತ್ರಿಕೆಯ 9ನೇ ವಚನ ಸ್ಪಷ್ಟವಾಗಿ ಕರೆಯುತ್ತದೆ. ದಾನಿಯೇಲನ ಗ್ರಂಥದಲ್ಲಿಯೂ ಪ್ರಕಟನೆ 12ರಲ್ಲಿಯೂ ಅವನು ಹೋರಾಡುವವನು. ಗಬ್ರಿಯೇಲನಿಗೆ ಆ ಬಿರುದು ಬೈಬಲಿನಲ್ಲಿ ಎಲ್ಲಿಯೂ ಇಲ್ಲ, ಅದು ಸಂಪ್ರದಾಯ ಕೊಟ್ಟದ್ದು. ದಾನಿಯೇಲನಿಗೆ ದರ್ಶನದ ಅರ್ಥ ತಿಳಿಸಿದವನೂ, ಸ್ನಾನಿಕ ಯೋಹಾನನ ತಂದೆ ಜಕರೀಯನಿಗೂ ಯೇಸುವಿನ ತಾಯಿ ಮರಿಯಳಿಗೂ ಸುದ್ದಿ ತಂದವನೂ ಅವನೇ. ಹೆಸರಿರುವ ಇನ್ನೊಬ್ಬ ದೂತನಾದ ರಫಾಯೇಲನು ಬರುವುದು ತೋಬಿತನ ಗ್ರಂಥದಲ್ಲಿ. ಕಥೋಲಿಕರ ಹಾಗೂ ಆರ್ಥೊಡಾಕ್ಸರ ಬೈಬಲಿನಲ್ಲಿ ಆ ಗ್ರಂಥವಿದೆ, ಪ್ರೊಟೆಸ್ಟೆಂಟರ ಹಳೆಯ ಒಡಂಬಡಿಕೆಯಲ್ಲಿ ಇಲ್ಲ. ಪ್ರಶ್ನೆ ಕೇಳಿದವರು ಯಾವ ಬೈಬಲನ್ನು ಓದುತ್ತಿದ್ದಾರೆಂಬುದರ ಮೇಲೆ ಹೆಸರಿರುವ ದೂತರ ಸಂಖ್ಯೆಯೂ ಬದಲಾಗುತ್ತದೆ.