ಅಪ್ಪನ ಟ್ರಂಕು, ಗಾಜಿಗೆ ಅಂಟಿದ ಫೋಟೋ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವಳು. ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದರು, ತರಬೇತಿ ಬೆಳಗಾವಿಯಲ್ಲೇ. 1971ರ ಯುದ್ಧದ ಬಗ್ಗೆ ಕೇಳಿದರೆ "ಸೊಳ್ಳೆ ಜಾಸ್ತಿ ಇದ್ದವು" ಅಂತಷ್ಟೇ ಹೇಳುತ್ತಿದ್ದರು. ಈಗ ಅವರಿಲ್ಲ, ಕಬ್ಬಿಣದ ಟ್ರಂಕು ಇದೆ.

ಅದರಲ್ಲಿ ಪೂರ್ವಿ ಸ್ಟಾರ್ ಪದಕ ಸಿಕ್ಕಿತು, ಆ ಯುದ್ಧದಲ್ಲಿ ಪೂರ್ವದ ಕಡೆ ಇದ್ದವರಿಗೆ ಕೊಟ್ಟದ್ದು. ಅಂದರೆ ಈಗಿನ ಬಾಂಗ್ಲಾದೇಶದ ಕಡೆ ಇದ್ದರು ಅಂತಾಯಿತಲ್ವಾ? ನಾವು ಇಷ್ಟು ವರ್ಷ ಸುಮ್ನೆ ಪಂಜಾಬ್ ಗಡಿ ಅಂದುಕೊಂಡಿದ್ದೆವು! ಪದಕದ ಮೇಲೆ ಅವರ ಸೈನ್ಯದ ನಂಬರ್, ಹೆಸರು ಕೊರೆದಿದೆ. ಬೆಟಾಲಿಯನ್ ಯಾವುದೋ ತಿಳಿಯದು. ಡಿಸ್ಚಾರ್ಜ್ ಪುಸ್ತಕ ಗೆದ್ದಲ ಪಾಲಾಗಿದೆ. ಅವ್ವನಿಗೆ ಬರೆದ ಪತ್ರಗಳಲ್ಲಿ ವಿಳಾಸದ ಶಾಯಿ ಹರಡಿ "99 ಎಪಿಒ" ಅಷ್ಟೇ ಉಳಿದಿದೆ. ಅದರಿಂದ ಊರು ಗೊತ್ತಾಗುವುದಿಲ್ಲ. ಸೈನ್ಯದ ಅಂಚೆ ವಿಳಾಸ ಇರುವುದೇ ಹಾಗೆ.

ಬರೀ ನಂಬರ್ ಹಿಡಿದು, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿಗೆ ಮಗಳಾಗಿ ಅರ್ಜಿ ಹಾಕಿ ಉತ್ತರ ಪಡೆದವರು ಇಲ್ಲಿದ್ದೀರಾ? ಜೊತೆಗೆ ಏನೇನು ಕಾಗದ ಕೇಳಿದರು? ಅಪ್ಪನ ಕಾಲದ ಮರಾಠಾ ಪಲ್ಟನ್ನಿನವರು ಧಾರವಾಡ, ಹಾವೇರಿ ಕಡೆ ಇದ್ದರೆ ಬಂದು ಮಾತಾಡಿಸುತ್ತೇನೆ.

ಇನ್ನೊಂದು. ಯೂನಿಫಾರ್ಮಿನ ಫೋಟೋ ಫ್ರೇಮಿನ ಗಾಜಿಗೆ ಅಂಟಿಬಿಟ್ಟಿದೆ. ಒಂದು ಅಂಗಡಿಯವರು ಹೀಗೇ ಇದ್ದ ಇನ್ನೊಂದು ಫೋಟೋ ಕೀಳಲು ಹೋಗಿ ಅಪ್ಪನ ಅರ್ಧ ಮುಖ ಹೋಯಿತು. ಇದನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡುವವರು ಹುಬ್ಬಳ್ಳಿಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಶನಿವಾರ ಬರುವವಳಿದ್ದೇನೆ.